ದೇವರ ಜಗಲಿಯಿಂದ ಲ್ಯಾಪ್‌ಟಾಪ್ ಇಳಿಸಿದ ದಿನ

ದೇವದುರ್ಗದ ದೊಡ್ಡಪ್ಪನ ಪಾದಗಳಿಗೆ, ಆ ಪಾದಗಳು ಈಗ ಎಲ್ಲಿವೆಯೋ ಅಲ್ಲಿಗೆ,

ತಮ್ಮ ಸನ್ನಿಧಾನಕ್ಕೆ ಈ ಪಾಮರನು ಅರಿಕೆ ಮಾಡಿಕೊಳ್ಳುವುದೇನೆಂದರೆ... ಇಲ್ಲ, ಆಗುವುದಿಲ್ಲ. ‘ತಾವು’ ಎಂದು ಬರೆದ ಕೂಡಲೇ ನೀನು ಕನ್ನಡಕವನ್ನು ಮೂಗಿನ ತುದಿಗಿಳಿಸಿ, “ಯಾಕಲೇ ಬೀರ್ಯಾ, ಏನ್ ಬೇಕಾಗ್ಯದ?” ಎಂದು ಕೇಳಿದಂತಾಗುತ್ತದೆ. ಏನೂ ಬೇಕಾಗಿಲ್ಲ. ಒಂದು ವರದಿ ಒಪ್ಪಿಸುವುದಿದೆ, ಅಷ್ಟೇ. ನಿನ್ನ ಹಳೆಯ ಲ್ಯಾಪ್‌ಟಾಪಿಗೆ ವೈಫೈ ಬಂತು. ಬರುವ ಮೊದಲು ಮನೆಯಲ್ಲಿ ಏನೇನು ನಡೆಯಿತೆಂಬುದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ರಾಯಚೂರಿನ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಪರೀಕ್ಷೆಯ ಪುಸ್ತಕ ತೆರೆದೇ ಇದೆ. ಅದರ ವಿಷಯ ಮಾತ್ರ ಕೇಳಬೇಡ.

ಅದನ್ನು ಕೊಂಡು ತಂದ ದಿನ ನೆನಪಿದೆಯೇ? ನೀನು ಮಾಸ್ತರಿಕೆಯಿಂದ ನಿವೃತ್ತನಾಗಿದ್ದ ವರ್ಷ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಅಂಗಡಿಯಲ್ಲಿ, ಯಾರೋ ಬಳಸಿ ಬಿಟ್ಟದ್ದನ್ನು ಆರಿಸಿದೆ. ತೂಕದಲ್ಲಿ ಬೀಸುವ ಕಲ್ಲಿನ ತಂಗಿ. ಬಸ್ಸಿನಲ್ಲಿ ನೀನು ಅದನ್ನು ಮೇಲಿಡಲು ಒಪ್ಪದೆ ತೊಡೆಯ ಮೇಲೆ ಟವೆಲ್ ಹಾಸಿ ಮಲಗಿಸಿಕೊಂಡೆ, ಮೇಲೊಂದು ಟವೆಲ್ ಹೊದಿಸಿದೆ. ಕಂಡಕ್ಟರ್ ಬಂದು, “ಮಾಸ್ತರ, ಅದಕ್ಕೂ ಒಂದು ಟಿಕೇಟ್ ಹರೀಲೇನ್ರಿ?” ಎಂದರೆ, “ತೊಡಿ ಮ್ಯಾಲಿನ ಕೂಸಿಗೆ ಎಲ್ಲಿ ಟಿಕೇಟೋ ತಮ್ಮಾ?” ಎಂದೆ. ಗಬ್ಬೂರಿನಲ್ಲಿ ಹತ್ತಿದ ಮುದುಕಿ ನಿಜವಾಗಿಯೂ ಕೂಸೇ ಇರಬೇಕೆಂದು ಟವೆಲ್ ಸರಿಸಿ ನೋಡಿ, “ಯವ್ವಾ, ಇದರ ಮಾರಿ ಯಾ ಕಡಿ ಅದ?” ಎಂದು ಗಾಬರಿಯಾದಳು. ನಾನು ನಕ್ಕು ನಕ್ಕು ಸೀಟಿನಿಂದ ಜಾರಿದೆ. ನೀನು ಮಾತ್ರ ನಗಲಿಲ್ಲ. ಕೂಸಿನ ತಂದೆಯಂತೆ ಗಂಭೀರನಾಗಿ ಟವೆಲ್ ಮತ್ತೆ ಹೊದಿಸಿದೆ.

ಮನೆಗೆ ವೈಫೈ ಡಬ್ಬಿ ಕೂಡಿಸಿದ ಸಂಜೆ ನಾನು ನಿನಗೆ ಬೋಧಿಸಿದ ಮೊದಲ ಪಾಠ ಯಾವುದು? ಸಿಗ್ನಲ್ ಪಡುವಣದಿಂದ ಬರುತ್ತದೆ, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಆ ಕಡೆಗೆ ಮುಖ ಮಾಡಿ ಕೂಡಬೇಕು ಎಂದು. ನೀನು ಹಾಗೆಯೇ ಕೂತೆ. ದೀಪ ಹಚ್ಚುವ ಹೊತ್ತಿಗೆ ದೊಡ್ಡವ್ವ ಬಂದು, “ಏನ್ರಿ, ಹೊತ್ತು ಮುಣುಗೂದು ಕಾಯಾಕತ್ತೀರೇನು?” ಎಂದು ಕೇಳಿದಾಗ ನಾನು ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡಿದ್ದೆ. ಗೊತ್ತಾದ ಮೇಲೆ ನೀನು ಬಯ್ಯಲಿಲ್ಲ. “ಆಗ್ಲಿ, ನೋಡೋಣಂತ” ಎಂದೆ, ಅಷ್ಟೇ. ಮಾಸ್ತರರ ‘ನೋಡೋಣಂತ’ ಎಂಬ ಮಾತಿಗೆ ಹೆದರಬೇಕು ಎಂದು ನನಗೆ ಆಗ ತಿಳಿದಿರಲಿಲ್ಲ.

ಅದಾದ ಮೇಲೆ ನಿನ್ನ ಫೋನುಗಳು ಶುರುವಾದವು. “ಬೀರ್ಯಾ, ವೈಫೈ ಸತ್ತದಲೇ. ಮಣ್ಣು ಮಾಡೂದ್ರೊಳಗ ಬಂದು ಮಾರಿ ನೋಡು.” ನಾನು ಕ್ಲಾಸು ಬಿಟ್ಟು ಬಸ್ಸು ಹತ್ತಿ ಬರುತ್ತಿದ್ದೆ. ನಿಜಕ್ಕೂ ಸತ್ತೇ ಇರುತ್ತಿತ್ತು. ಏನು ಮಾಡಿದರೂ ಬರುತ್ತಿರಲಿಲ್ಲ. ನೀನು ಮರುಕದಿಂದ, “ಸುಸ್ತಾಗಿರ್ಬೇಕು, ಕುಂದ್ರು. ಸುಮ್ಮ ಕುಂದ್ರಬ್ಯಾಡ, ಅಲ್ಲೆರಡು ಶೇಂಗಾ ಅವ, ಸುಲಿ” ಎನ್ನುತ್ತಿದ್ದೆ. ಎರಡು ಎಂದರೆ ಒಂದು ಬುಟ್ಟಿ. ಬುಟ್ಟಿ ಬರಿದಾಗುವ ಹೊತ್ತಿಗೆ ವೈಫೈ ತಾನಾಗಿಯೇ ಎದ್ದು ಕೂತಿರುತ್ತಿತ್ತು. “ನೋಡಿದ್ಯಾ? ಶೇಂಗಾ ಸುಲಿದ್ರ ಸಿಗ್ನಲ್ ಬರ್ತದ” ಎಂದು ನೀನು ಹೇಳಿದಾಗ, ನಾನು ಅದನ್ನು ಹಳ್ಳಿ ಮಾಸ್ತರನ ಅಜ್ಞಾನವೆಂದು ತಿಳಿದು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದೆ.

ನೀನು ಹಾಸಿಗೆ ಹಿಡಿದ ಮೇಲೆ ರೇಣಕ್ಕ ಮಾನ್ವಿಯ ಶಾಲೆಯ ಟೀಚರ್ ಕೆಲಸ ಬಿಟ್ಟು ಬಂದದ್ದು ನಿನಗೆ ಗೊತ್ತು. “ನಂಗೇನಾಗಿಲ್ಲ, ಮಗಳು ತಿರುಗಿ ಸಾಲಿಗೆ ಹೋಗ್ಲಿ” ಎಂದು ನೀನು ಗೋಡೆಯ ಕಡೆಗೆ ಮುಖ ತಿರುಗಿಸಿದ್ದೆ. ಅವಳು ಹೋಗಲಿಲ್ಲ. ನಿನಗೆ ಗೊತ್ತಿಲ್ಲದ್ದು ಮುಂದಿನದು. ಚಳಿಗಾಲದಲ್ಲಿ ನೀನು ಹೋದೆ. ಅವಳ ಜಾಗಕ್ಕೆ ಶಾಲೆಯವರು ಬೇರೆ ಟೀಚರನ್ನು ತೆಗೆದುಕೊಂಡಿದ್ದರು. ಆಮೇಲೆ ಅಕ್ಕ ಮನೆಯ ಹೊರಗೆ ಬರುವುದನ್ನೇ ಬಿಟ್ಟಳು. ಓಣಿಯ ಮಕ್ಕಳು ಲೆಕ್ಕ ಕೇಳಲು ಬಂದರೆ, “ನಂಗ ಎಲ್ಲಾ ಮರ್ತುಹೋಗ್ಯದ” ಎಂದು ಕದ ಹಾಕಿಕೊಳ್ಳುತ್ತಿದ್ದಳು. ನಿನ್ನ ಮಗಳು, ಲೆಕ್ಕ ಮರೆಯುವವಳೇ? ನಾನು ಊರಿಗೆ ಹೋದಾಗಲೆಲ್ಲ ಅವಳನ್ನು ನಗಿಸಲು ಏನೆಲ್ಲ ಮಾಡಿದೆ. ಸ್ವಾಮಿಗಳ ಹಾಗೆ ಆಶೀರ್ವಚನ ಕೊಟ್ಟೆ, ಸತ್ತ ಹಲ್ಲಿಗೆ ಶೋಕಸಭೆ ನಡೆಸಿದೆ. ಅವಳು ನೋಡುತ್ತಿದ್ದಳು, ನಗುತ್ತಿರಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಅವಳೇ ಫೋನು ಮಾಡಿದಳು. ಮಾನ್ವಿಯಲ್ಲಿ ಕೆಲವರು ಸೇರಿ ಹೊಸ ಕೆಲಸ ಹಚ್ಚಿಕೊಂಡಿದ್ದಾರಂತೆ. ಅರಕೇರಾದ ಕಡೆಯಿಂದ ದುಡಿಯಲು ಪುಣೆಗೋ ಹೈದರಾಬಾದಿಗೋ ಹೋಗುವವರ ಜೊತೆ ಮಕ್ಕಳೂ ಹೋಗಿಬಿಡುತ್ತಾರಲ್ಲ, ಅವರು ಎಲ್ಲಿದ್ದರೂ ದಿನಾ ಸಂಜೆ ಅಪ್ಪ ಅವ್ವನ ಮೊಬೈಲಿನಲ್ಲೇ ಪಾಠ. ಅದಕ್ಕೆ ಟೀಚರ್ ಬೇಕು. ಕಂಪ್ಯೂಟರಿನ ಮುಂದೆ ಕೂತು, ಬೋರ್ಡಿನಂತೆ ಅದರಲ್ಲೇ ಬರೆದು, ಒಂದು ಪಾಠ ಮಾಡಿ ತೋರಿಸಬೇಕು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ. ಅವತ್ತು ಆಗದಿದ್ದರೆ ಸಾಲಿನಲ್ಲಿರುವ ಮತ್ತೊಬ್ಬರಿಗೆ. ಅಕ್ಕ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ಆಮೇಲೆ ಸಣ್ಣ ದನಿಯಲ್ಲಿ, “ಬೀರೂ, ಅಪ್ಪಂದು ಲ್ಯಾಪ್‌ಟಾಪ್ ಚಾಲೂ ಮಾಡಿಕೊಡ್ತೀಯೇನು?” ಎಂದಳು. ಎಷ್ಟು ತಿಂಗಳ ಮೇಲೆ ಅವಳು ಏನನ್ನಾದರೂ ಬೇಕು ಎಂದಿದ್ದಳು ಗೊತ್ತೇ? ನಾನು ಮರುದಿನ ಮೊದಲನೇ ಬಸ್ಸಿಗೇ ಹೊರಟೆ.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ತೊಡಕು ಕಾಣಿಸಿತು. ಲ್ಯಾಪ್‌ಟಾಪ್ ದೇವರ ಜಗಲಿಯ ಮೇಲಿತ್ತು. ಬೀರಪ್ಪ ದೇವರ ಫೋಟೋ, ಮೈಲಾರಲಿಂಗನ ಬೆಳ್ಳಿ ಮುಖ, ನಡುವೆ ನಿನ್ನ ಕೂಸು. ದೊಡ್ಡವ್ವ ಪ್ರತಿ ಭಾನುವಾರ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ, ದೇವರಿಗೆ ಹಚ್ಚುವ ಭಂಡಾರವನ್ನೇ ಅದಕ್ಕೂ ಹಚ್ಚುತ್ತಾಳಂತೆ. ಎಣ್ಣೆಯಲ್ಲಿ ಕಲಸಿದ ಅರಿಸಿನ ಅಂಚಿನುದ್ದಕ್ಕೂ ಗಟ್ಟಿಯಾಗಿ ಕೂತಿತ್ತು. ನಾನು ಕೈ ಚಾಚಿದೆ.

“ಮುಟ್ಟಬ್ಯಾಡ,” ಎಂದಳು ದೊಡ್ಡವ್ವ.

“ದೊಡ್ಡವ್ವಾ, ಅದು ದೇವರಲ್ಲಬೇ. ಅದರಾಗ ನಾನು ಇಸ್ಪೀಟ್ ಆಡೀನಿ.”

“ನೀ ಆಡಿರ್ಬೇಕು. ಅವರು ಆಡಿಲ್ಲ. ಅವರು ಕಡೀತನಕ ಕೈಯಾಗ ಹಿಡಿದದ್ದು ಅದೊಂದ. ಅದನ್ನೂ ಒಯ್ತೀರೇನು?”

ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. “ಇರ್ಲಿ ಬಿಡು ಬೀರೂ. ಬ್ಯಾಡ” ಎಂದು ಒಳಗೆ ಹೊರಟಳು. ಆ ‘ಬ್ಯಾಡ’ದಲ್ಲಿ ಸಿಟ್ಟಿರಲಿಲ್ಲ ದೊಡ್ಡಪ್ಪ, ಅದೇ ಕಷ್ಟವಾಯಿತು. ಸಿಟ್ಟು ಇದ್ದಿದ್ದರೆ... ದೊಡ್ಡವ್ವ ಮಗಳ ಬೆನ್ನು ನೋಡಿದಳು. ಆಮೇಲೆ ತಾನೇ ಎರಡೂ ಕೈಯಲ್ಲಿ ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟಳು. “ಮಾಡ್ಕೋರಿ. ಆದ್ರ ಭಂಡಾರ ಅಳಸಬ್ಯಾಡ್ರಿ” ಎಂದಳು.

ಚಾರ್ಜರ್ ಚುಚ್ಚಿ ಗುಂಡಿ ಒತ್ತಿದಾಗ ಅದು ಮೊದಲು ಕೆಮ್ಮಿತು, ಆಮೇಲೆ ಏದುಸಿರು ಬಿಟ್ಟಿತು, ಆಮೇಲೆ ಕಣ್ಣು ಬಿಟ್ಟಿತು. ಬ್ಯಾಟರಿ ಪೂರ್ತಿ ಹೋಗಿತ್ತು. ಪಿನ್ನು ಸ್ವಲ್ಪ ಅಲುಗಿದರೂ ಪ್ರಾಣ ಹೋಗುತ್ತಿತ್ತು. ಪರದೆಯ ಮೂಲೆಯಲ್ಲಿ ವೈಫೈ ಗುರುತಿನ ಮೇಲೆ ಕೆಂಪು ಅಡ್ಡಗೆರೆ. ಅಕ್ಕನ ಮೊಬೈಲಿಗೆ ಅದೇ ಡಬ್ಬಿಯಿಂದ ನೆಟ್ ಚೆನ್ನಾಗಿಯೇ ಬರುತ್ತಿತ್ತು. ಹಾಗಾದರೆ ತಪ್ಪು ಡಬ್ಬಿಯದಲ್ಲ, ನಿನ್ನ ಕೂಸಿನದೇ. ನಾನು ಅಂಗಿಯ ತೋಳು ಮಡಚಿ, “ರೋಗಿಯ ಬಂಧುಗಳು ದೂರ ಸರಿಯಬೇಕು” ಎಂದು ಘೋಷಿಸಿದೆ. ಬಂಧುಗಳು ಸರಿಯಲಿಲ್ಲ.

ಮೊದಲು ನಮ್ಮ ಮನೆತನದ ಮದ್ದು: ಆರಿಸಿ ಮತ್ತೆ ಹಚ್ಚಿದೆ. ಆಗಲಿಲ್ಲ. ವಿಮಾನದ ಗುರುತಿನ ಗುಂಡಿ ನೋಡಿದೆ, ವಿಮಾನ ಹಾರುತ್ತಿರಲಿಲ್ಲ. ಎಡಗಡೆಯ ಮೂಲೆಯ ಗುಂಡಿಯನ್ನು ಹಿಡಿದುಕೊಂಡೇ ಮೇಲಿನ ಸಾಲಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿದೆ. ಬೆಳಕು ಹೆಚ್ಚಾಯಿತು, ಕಡಿಮೆಯಾಯಿತು, ದನಿ ನಿಂತಿತು. ವೈಫೈ ಮಾತ್ರ ಬರಲಿಲ್ಲ. ಡಬ್ಬಿಯಿಂದ ನೇರ ತಂತಿ ಎಳೆಯೋಣವೆಂದರೆ ತಂತಿ ಚುಚ್ಚುವ ತೂತು ಎಂದೋ ಮುರಿದಿತ್ತು. ಗೋಡೆಯ ಗಡಿಯಾರ ಹತ್ತು ದಾಟಿತ್ತು.

“ಸೈಬರ್ ಸೆಂಟರಿಗೆ ಹೋಗೂಣಕ್ಕಾ?”

“ಅಲ್ಲಿ ಆಧಾರ್ ಕಾರ್ಡಿನವರು ಗದ್ದಲ ಹಾಕ್ತಿರ್ತಾರ. ಅವರ ನಡುವ ನಾ ಹೆಂಗ ಪಾಠ ಮಾಡ್ಲಿ? ಮೊದಲ ನಂಗ ಬಾಯಿ ಬರವಲ್ದು.” ಅವಳ ಕೈಯೊಳಗಿನ ಸೆರಗಿನ ಚುಂಗು ಬೆವರಿನಿಂದ ಒದ್ದೆಯಾಗಿತ್ತು.

ಕಡೆಗೆ ಆ ಲ್ಯಾಪ್‌ಟಾಪಿಗೇ ಕೇಳಿದೆ: ನಿನಗೇನಾಗಿದೆ, ನೀನೇ ಹುಡುಕಿ ಹೇಳು ಎಂದು. ಅದು ಬಹಳ ಹೊತ್ತು ಯೋಚಿಸಿ ಒಂದು ಸಾಲು ಬರೆಯಿತು. ವೈರ್‌ಲೆಸ್ ಬಂದ್ ಆಗಿದೆಯಂತೆ, ಮೈಮೇಲಿನ ಸ್ವಿಚ್ ಹಾಕಬೇಕಂತೆ. ಮೈಮೇಲಿನ ಸ್ವಿಚ್ಚೇ? ನಾವು ಏನಿದ್ದರೂ ಪರದೆಯೊಳಗೇ ಹುಡುಕುವ ಜಾತಿ. ಅದರ ಎಡಬಲ ನೋಡಿದೆ, ಬೆನ್ನು ನೋಡಿದೆ, ಮಗುಚಿ ಹೊಟ್ಟೆ ನೋಡಿದೆ. ಎಲ್ಲೂ ಇಲ್ಲ.

ಹೊಸ್ತಿಲ ಮೇಲೆ ಕೂತಿದ್ದ ದೊಡ್ಡವ್ವ ಆಗ ಮಾತಾಡಿದಳು. “ಮೊದಲ ಅದರ ಮುಂದಿನ ಅಂಚಿನಾಗ ಒಂದು ನೀಲಿ ದೀಪ ಹತ್ತತಿತ್ತು. ಜೋಳದ ಕಾಳಿನಷ್ಟು. ಅದು ಹತ್ತ್ಯದ ಅಂದ್ರ ಅವರನ್ನ ಮಾತಾಡಸಬಾರ್ದು ಅಂತ ನಂಗ ಗೊತ್ತಾಗ್ತಿತ್ತು. ಅವರು ಹ್ವಾದ ಮ್ಯಾಲೆ ನಾ ಒರಸಿಟ್ಟಿದ್ದೆ, ರೇಣವ್ವ ಒಂದ್ಸಲ ಚಾಲೂ ಮಾಡಿದ್ಲು. ಹತ್ಲಿಲ್ಲ. ಅವರ ಜೋಡಿನ ಹೋತು ಅಂದ್ಕೊಂಡು ಜಗಲಿ ಮ್ಯಾಗ ಇಟ್ಟೆ.”

ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿದೆವು. ಮುಂದಿನ ಅಂಚಿನ ತುಂಬ ಭಂಡಾರ. ಅದರಡಿ ಏನಿದೆಯೋ ನೋಡಬೇಕೆಂದರೆ ಕೆರೆಯಬೇಕು. ಕೆರೆಯುತ್ತೇನೆಂದು ಹೇಳಲು, ನಂಬು ದೊಡ್ಡಪ್ಪ, ನನ್ನಂಥ ನಾಚಿಕೆಗೇಡಿಗೂ ಬಾಯಿ ಬರಲಿಲ್ಲ. ಅಕ್ಕನಿಗೂ ಬರಲಿಲ್ಲ.

ದೊಡ್ಡವ್ವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಎದ್ದು ಬಂದಳು. ಸೆರಗಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಅಂಚಿನ ಭಂಡಾರವನ್ನು ಸ್ವಲ್ಪಸ್ವಲ್ಪವೇ ಅಂಗೈಗೆ ಕೆರೆದುಕೊಂಡಳು. ಒಂದು ಚೂರೂ ನೆಲಕ್ಕೆ ಬೀಳಗೊಡಲಿಲ್ಲ. ಭಂಡಾರವನ್ನು ಚೆಲ್ಲುವಂತಿಲ್ಲವಲ್ಲ, ಅದಕ್ಕೆ ಅಕ್ಕನನ್ನು ಹತ್ತಿರ ಕರೆದು ಹಣೆಯ ತುಂಬ ಹಚ್ಚಿದಳು. ಉಳಿದದ್ದನ್ನು ನನ್ನ ಹಣೆಗೆ, ಅದರಲ್ಲೂ ಉಳಿದದ್ದನ್ನು ತನ್ನ ಕೊರಳಿಗೆ ಸವರಿಕೊಂಡಳು. “ಅದರ ಮ್ಯಾಗ ಇದ್ರೇನು, ಮಗಳ ಮ್ಯಾಗ ಇದ್ರೇನು. ಅವರದ ಅಲ್ಲೇನು?” ಎಂದಳು. ಅಂಚಿನಲ್ಲಿ ಉಗುರಿನಷ್ಟು ಕರಿಯ ಗುಂಡಿ ಕಾಣಿಸಿತು. ಬಲಕ್ಕೆ ಸರಿಸಿದೆ.

ನೀಲಿ ದೀಪ ಹತ್ತಿತು.

ಆ ಕ್ಷಣವೇ, ಮಾಸ್ತರಾ, ನನಗೆ ಶೇಂಗಾ ಬುಟ್ಟಿಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು! ಬಸ್ಸು ಬರುವ ಹೊತ್ತಿಗೆ ಈ ಗುಂಡಿಯನ್ನು ಎಡಕ್ಕೆ ಸರಿಸುವುದು, ಬುಟ್ಟಿ ಬರಿದಾದ ಮೇಲೆ ಬಲಕ್ಕೆ ಸರಿಸುವುದು. ಹಳ್ಳಿ ಮಾಸ್ತರನ ಅಜ್ಞಾನವಂತೆ! ಎಷ್ಟು ಹೊಲದ ಶೇಂಗಾ ಸುಲಿದಿದ್ದೇನೆ ನಾನು? ಬಯ್ಯಲು ನೀನು ಸಿಗಲಿಲ್ಲವಲ್ಲ ಎಂದು ನಗುತ್ತಲೇ ಕಣ್ಣು ಒರೆಸಿಕೊಂಡೆ.

ದೊಡ್ಡವ್ವ ದೀಪವನ್ನೇ ನೋಡುತ್ತಿದ್ದಳು. “ಯಾರಲೇ ಇದನ್ನ ಆರಿಸಿದ್ದು?”

ಕೊನೆಯ ಸಲ ನನ್ನನ್ನು ಕರೆಸಲು ನೀನೇ ಆರಿಸಿ ಮರೆತೆಯೋ, ನೀನು ಹೋದ ಮೇಲೆ ಅವಳು ಒರೆಸುವಾಗ ಅವಳ ಕೈಯಿಂದಲೇ ಸರಿಯಿತೋ, ಯಾರಿಗೆ ಗೊತ್ತು? ನಾನು ನ್ಯಾಯಾಧೀಶನ ಹಾಗೆ ಗಂಟಲು ಸರಿಮಾಡಿಕೊಂಡೆ. “ದೊಡ್ಡಪ್ಪ. ನನ್ನ ಕೈಲೆ ಶೇಂಗಾ ಸುಲಸಾಕ ಆರಸ್ತಿದ್ದ.”

“ಸುಳ್ಳ ಹೇಳಬ್ಯಾಡ. ಒರಸೂ ಮುಂದ ನಾನ ಆರಿಸಿರ್ಬೇಕು. ಇಷ್ಟು ದಿನ ನಾನ ಆರಿಸಿ, ನಾನ ಅದರ ಮುಂದ ಕುಂತು ಅತ್ತೀನಿ.” ಅಷ್ಟರಲ್ಲಿ ಅವಳ ಮುಖದಲ್ಲಿ ಏನೋ ಸಡಿಲವಾಯಿತು. “ತಡಿ, ಖರೇ ಇದ್ರೂ ಇರ್ಬೇಕಲೇ. ನೀ ಬರೂ ದಿನ ಅವರು ಮುಂಜಾನೆದ್ದ ಕೂಡ್ಲೇ ಶೇಂಗಾ ಬುಟ್ಟಿ ಪಡಸಾಲಿಗೆ ತಂದಿಡ್ತಿದ್ರು!” ಎಂದು ನಕ್ಕಳು. ನೀನು ಹೋದ ಮೇಲಿನ ಮೊದಲ ನಗು. ಅದನ್ನು ನೋಡಿ ಅಕ್ಕನೂ ನಕ್ಕಳು. ನನ್ನ ಆಶೀರ್ವಚನಗಳಿಗೆ ಆಗದ್ದು ನಿನ್ನ ಒಂದು ಕಿತಾಪತಿಯಿಂದ ಆಯಿತು. ಸೋಲೊಪ್ಪಿಕೊಂಡಿದ್ದೇನೆ.

ವೈಫೈ ಬಂತು, ಆದರೆ ಪಾಠದ ಪುಟ ತೆರೆಯಲಿಲ್ಲ. ಯಾವ ಪುಟ ಒತ್ತಿದರೂ ನಂಬಿಕೆಗೆ ಅರ್ಹವಲ್ಲ, ನಂಬಿಕೆಗೆ ಅರ್ಹವಲ್ಲ ಎಂದೇ ಹೇಳುತ್ತಿತ್ತು. ಅಕ್ಕನೇ ಪರದೆಯ ಕೆಳಗಿನ ಮೂಲೆಗೆ ಬೆರಳು ತೋರಿಸಿದಳು. ತಾರೀಖು. ಒಳಗಿನ ಗಡಿಯಾರದ ಬ್ಯಾಟರಿ ಸತ್ತು, ಅದು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಂತಿತ್ತು. ನೀನು ಗಬ್ಬೂರಿನ ಶಾಲೆಯಲ್ಲಿ ಹೆಡ್‌ಮಾಸ್ತರನಾಗಿದ್ದ ವರ್ಷ. ಅಕ್ಕ ಡಿ.ಎಡ್. ಓದುತ್ತಿದ್ದ ವರ್ಷ. ಇಡೀ ಜಗತ್ತು ಮುಂದೆ ಹೋಗಿದೆ, ಇದೊಂದು ಅಲ್ಲೇ ಕೂತು ಹೊಸಬರನ್ನು ಯಾರನ್ನೂ ನಂಬುವುದಿಲ್ಲ ಎನ್ನುತ್ತಿದೆ.

“ಇದರ ಪ್ರಕಾರ ಅಪ್ಪ ಈಗ ಸಾಲ್ಯಾಗ ಪ್ರಾರ್ಥನಾ ಮಾಡಸಾಕತ್ತಾನ,” ಎಂದಳು ಅಕ್ಕ.

ಸರಿಪಡಿಸಬೇಕಿತ್ತು. ನಾನು ಕೈ ಹಾಕಿದರೆ ಅವಳು ತಡೆದು, ಮೌಸನ್ನು ತಾನೇ ತೆಗೆದುಕೊಂಡಳು. ವರ್ಷ ಒಂದೊಂದೇ ಮುಂದೆ ಸರಿಯಿತು. ನಿನ್ನ ನಿವೃತ್ತಿ ದಾಟಿತು. ಬಸ್ಸಿನ ಕೂಸು ದಾಟಿತು. ನಿನ್ನ ಚಳಿಗಾಲದ ಹತ್ತಿರ ಬಂದಾಗ ಅವಳ ಬೆರಳು ನಿಂತಿತು. ನಾನು ಗಡಿಯಾರದ ಕಡೆಗೆ ನೋಡಲಿಲ್ಲ. ಹೇಗೆ ನೋಡಲಿ? ಅವಳು ಉಸಿರೆಳೆದುಕೊಂಡು ಆ ದಿನವನ್ನೂ ದಾಟಿ ಇವತ್ತಿಗೆ ಬಂದು ನಿಂತಳು. ಪುಟ ತೆರೆಯಿತು.

ಪಾಠ ಶುರುವಾದಾಗ ನಾನು ಮೇಜಿನ ಕೆಳಗಿದ್ದೆ. ಚಾರ್ಜರ್ ಪಿನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ರಾಷ್ಟ್ರದ ಗಡಿ ಕಾಯುವವನ ಹಾಗೆ. ಮೇಲಿನಿಂದ ಮಾನ್ವಿಯವರ ದನಿ, ಮಕ್ಕಳ ಗಲಾಟೆ. ಅಕ್ಕನ ದನಿ ಮಾತ್ರ ಇಲ್ಲ. ಅವಳ ಕಾಲಿನ ಹೆಬ್ಬೆರಳು ನೆಲ ಕೆರೆಯುವುದು ನನಗೆ ಕಾಣುತ್ತಿತ್ತು. ಆಗ ಒಂದು ಹುಡುಗಿ ಕೇಳಿದಳು, “ಟೀಚರ್, ನಿಮ್ಮ ಹಣಿ ಯಾಕ ಅಷ್ಟು ಹಳದಿ ಅದ?”

“ನಮ್ಮವ್ವ ಹಚ್ಯಾಳ,” ಎಂದಳು ಅಕ್ಕ. “ನೀ ಎಲ್ಲಿ ಕುಂತೀಯವ್ವ?”

“ಪುಣೆದಾಗ್ರಿ. ಕಟ್ಟೂ ಮನ್ಯಾಗ. ಇನ್ನಾ ಕಿಟಕಿ ಕುಂದರಿಸಿಲ್ರಿ, ಬರೇ ಗಂಡಿ ಅವ.”

“ಒಂದು ಮಜಲಿಗೆ ಎಷ್ಟು ಗಂಡಿ ಅವ, ಎಣಿಸಿ ಹೇಳ್ತೀಯೇನು?”

ರಾತ್ರಿಯೆಲ್ಲ ಬರೆದು ಸಿದ್ಧಮಾಡಿದ್ದ ಪಾಠವನ್ನು ಅವಳು ಅಲ್ಲಿಗೇ ಬಿಟ್ಟಳು. ಆ ಹುಡುಗಿ ಕಿಟಕಿ ಎಣಿಸಿದಳು, ಮತ್ತೊಬ್ಬ ಮಜಲು ಎಣಿಸಿದ, ಹೈದರಾಬಾದಿನವನೊಬ್ಬ ನಮ್ಮದು ಅದಕ್ಕಿಂತ ದೊಡ್ಡದೆಂದು ಜಗಳ ತೆಗೆದ. ಗುಣಾಕಾರ ತಾನಾಗಿ ಬಂತು. ಅಕ್ಕನ ಹೆಬ್ಬೆರಳು ಯಾವಾಗ ನೆಲ ಕೆರೆಯುವುದನ್ನು ನಿಲ್ಲಿಸಿತೋ ನನಗೆ ತಿಳಿಯಲಿಲ್ಲ. ನನ್ನ ಕೈ ಜೋಮು ಹಿಡಿದಿತ್ತು. ಮಾನ್ವಿಯವರು ಮುಗಿಸಿರಿ ಎಂದಾಗ ಮಕ್ಕಳು, “ಇನ್ನೊಂದ್ ಲೆಕ್ಕ, ಟೀಚರ್” ಎಂದರು. ನಿನಗೆ ತಪ್ಪಿಹೋಯಿತು, ದೊಡ್ಡಪ್ಪ. ನೀನು ಇದನ್ನು ನೋಡಬೇಕಿತ್ತು. ನೋಡಿರಲೂಬಹುದು...

ಕೆಲಸ ಅವಳಿಗೇ ಸಿಕ್ಕಿತು. ಈಗ ದಿನಾ ಸಂಜೆ ಪಡಸಾಲೆಯಲ್ಲಿ ಪಾಠ ನಡೆಯುತ್ತದೆ. ದೊಡ್ಡವ್ವ ದೀಪ ಹತ್ತಿದೆಯೇ ಎಂದು ಬಗ್ಗಿ ನೋಡಿ, ಹತ್ತಿದ್ದರೆ ಓಣಿಯವರನ್ನೆಲ್ಲ “ಸುಮ್ಕಿರ್ರೀ, ಸಾಲಿ ನಡದದ” ಎಂದು ಗದರಿಸುತ್ತಾಳೆ.

ಮೊನ್ನೆ ಹಿರಿಯರ ಹಬ್ಬವಾಯಿತು. ನೀನು ಹಿರಿಯರ ಸಾಲಿಗೆ ಸೇರಿದ ಮೇಲೆ ಮೊದಲನೆಯದು. ದೊಡ್ಡವ್ವ ನಿನ್ನ ಧೋತರ ಮಡಚಿ ಇಟ್ಟಳು, ಹೋಳಿಗೆ ಮಾಡಿದಳು, ಎಡೆ ಬಡಿಸಿಕೊಂಡು ಬಂದಳು. ಸೂರ್ಯ ಮುಳುಗುತ್ತಿದ್ದ. ಕಟ್ಟಡದ ಕೆಲಸಕ್ಕೆ ಹಬ್ಬದ ರಜೆಯಿಲ್ಲವಲ್ಲ, ಪುಣೆಯ ಮಕ್ಕಳು ಆಗಲೇ ಪರದೆಯಲ್ಲಿ ಬಂದು ಕೂತಿದ್ದರು, ಅಕ್ಕ ಭಾಗಾಕಾರದ ನಡುವೆ ಇದ್ದಳು. ನಮ್ಮಪ್ಪ ಹಸಿವಿನಿಂದ, “ಹೊತ್ತಾತು ವೈನೀ, ಅಣ್ಣಗ ಎಡಿ ಹಿಡೀರಿ” ಎಂದು ಅವಸರ ಮಾಡಿದ. ದೊಡ್ಡವ್ವ ತಟ್ಟೆಯ ಮೇಲೆ ಸೆರಗು ಮುಚ್ಚಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತುಬಿಟ್ಟಳು.

“ತಡೀ,” ಎಂದಳು. “ಅವರು ಪಾಠ ಮುಗಿಸ್ಲಿ. ಸಾಲಿ ಬಿಡೋತನಕ ಎಂದೂ ಉಂಡವರಲ್ಲ.”

ಅವತ್ತು ನಿನಗೆ ಹೋಳಿಗೆ ತಡವಾಗಿ ಮುಟ್ಟಿದ್ದರೆ ಕಾರಣ ಇದು, ದೊಡ್ಡಪ್ಪ. ಪುಣೆಯ ಹುಡುಗಿಗೆ ಶೇಷ ಉಳಿಯುವ ಲೆಕ್ಕ ತಿಳಿದಿರಲಿಲ್ಲ. ತಿಳಿಯುವ ತನಕ ಎಲ್ಲರೂ ಕಾದೆವು.

ನಿನ್ನ,
ಬೀರ್ಯಾ